ದೊಡ್ಡಪ್ಪನ ನಾಲಿಗೆ

ದೊಡ್ಡಪ್ಪನಿಗೆ ರುಚಿ ಗೊತ್ತಾಗುವುದು ನಿಂತು ಎರಡು ವರ್ಷವಾಗಿತ್ತು. ಜ್ವರವೊಂದು ಬಂದು ಹೋಗುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅವರು ಅಡುಗೆ ಮಾಡುತ್ತಿದ್ದ ಹೋಟೆಲಿನಲ್ಲಿ ಈ ಸಂಗತಿ ಗೊತ್ತಿದ್ದದ್ದು ಅವರ ತಮ್ಮನ ಮಗಳೊಬ್ಬಳಿಗೆ. ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದವಳನ್ನು ಪಾತ್ರೆ ತೊಳೆಯಲು ಇಲ್ಲಿಗೆ ಸೇರಿಸಿದವರೇ ಅವರು. ಸದ್ದಿಲ್ಲದೆ ಓಡಾಡುತ್ತಾಳೆಂದು ಎಲ್ಲರೂ ಅವಳನ್ನು ಬೆಕ್ಕು ಎನ್ನುತ್ತಿದ್ದರು. ಬೆಕ್ಕು ದಿನಕ್ಕೆ ಹತ್ತು ಸಲ ಒಲೆಯ ಹತ್ತಿರ ಸುಳಿದು, ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು ನೆಕ್ಕಿ, ಕಣ್ಣಲ್ಲೇ ತೀರ್ಪು ಹೇಳಿ ಹೋಗುತ್ತಿದ್ದಳು. ಹೊಗಳಿಕೆಯೆಲ್ಲ ದೊಡ್ಡಪ್ಪನ ಕೈಗುಣಕ್ಕೆ.

ಅವತ್ತು ಮಹಡಿಯ ಮೇಲೆ ಐವತ್ತು ಜನರ ಕೂಟ. ಊಟಕ್ಕೆ ಮೊದಲು ಒಲೆ ಹಚ್ಚದ ತಿಂಡಿ ಏನಾದರೂ ಬೇಕೆಂದು ಯಜಮಾನಿ ಹೇಳಿದಾಗ ಬೆಕ್ಕು ಮೊದಲ ಬಾರಿಗೆ ಬಾಯಿ ಬಿಟ್ಟಿದ್ದಳು. ಅಂಜೂರವನ್ನು ಬುಡ ಬಿಡಿಸದೆ ನಾಲ್ಕಾಗಿ ಸೀಳುವುದು, ನಡುವೆ ಬಿಳಿ ಚೀಸ್, ಒಂದು ಚೂರು ಅಕ್ರೋಟು, ಮೇಲೆ ಜೇನು, ಚಿಟಿಕೆ ಕಾಳುಮೆಣಸು.

"ಜನ ಮೆಚ್ಚಿದ್ರೆ ನಾಳೆಯಿಂದ ಹಣ್ಣಿನ ಮೇಜು ನಿಂದೇ. ಪಾತ್ರೆಗೆ ಬೇರೆ ಯಾರನ್ನಾದ್ರೂ ಹಾಕ್ತೀನಿ" ಎಂದಿದ್ದರು ಯಜಮಾನಿ.

ಅಂಜೂರಗಳನ್ನೆಲ್ಲ ಅವಳೇ ತುಂಬಿದಳು. ಮೇಲೆ ತಟ್ಟೆ ಜೋಡಿಸಲು ಹೋಗುವಾಗ ತಿರುಗಿ ನಿಂತು, "ದೊಡ್ಡಪ್ಪಾ, ಚೀಸೇ ಉಪ್ಪಾಗಿದೆ. ಮೇಲೆ ಒಂದು ಹರಳೂ ಬೇಡ" ಎಂದಳು.

"ಆಯ್ತು ಮಹರಾಯ್ತಿ, ಇನ್ನು ನಿನ್ನ ಹತ್ರಾನೇ ಪಾಠಕ್ಕೆ ಕೂರ್ತೀನಿ" ಎಂದು ಅವರು ನಕ್ಕರು.

ಆದರೆ ಅದು ಮೂವತ್ತು ವರ್ಷ ಪಳಗಿದ ಕೈ. ತಟ್ಟೆ ಹೊರಡುವ ಮುನ್ನ ಉಪ್ಪು ಉದುರಿಸದಿದ್ದರೆ ಅದಕ್ಕೆ ಸಮಾಧಾನವಿರಲಿಲ್ಲ; ಅಂಜೂರದ ಮೇಲೂ ಉದುರಿಸಿಬಿಟ್ಟಿತು. ಒಲೆಯ ಮೇಲಿನದಾಗಿದ್ದರೆ ಒಂದು ಲೋಟ ನೀರು ಸುರಿದು ಸರಿಮಾಡಬಹುದಿತ್ತು. ಅಂಜೂರಕ್ಕೆ ಏನು ಸುರಿಯುವುದು?

ಅವಳು ಕೆಳಗೆ ಬಂದ ಸ್ವಲ್ಪ ಹೊತ್ತಿಗೆ ಯಜಮಾನಿ ಅರ್ಧ ಕಚ್ಚಿದ ಹಣ್ಣು ಹಿಡಿದು ಬಂದರು.

"ಇದನ್ನ ಸಮುದ್ರದಲ್ಲಿ ಅದ್ದಿ ತಂದ್ರಾ? ಮೇಲೆ ಎಲ್ರೂ ನೀರು ನೀರು ಅಂತಿದಾರೆ. ಉಪ್ಪು ಹಾಕಿದ್ದು ಯಾರು?"

ಬೆಕ್ಕು ದೊಡ್ಡಪ್ಪನ ಕಡೆ ನೋಡಿದಳು. ಕೈ ತಪ್ಪಿತು ಎಂದು ಅವರು ಹೇಳಿದ್ದರೆ ಯಜಮಾನಿ ಎರಡು ಮಾತು ಬೈದು ಸುಮ್ಮನಾಗುತ್ತಿದ್ದರು. ಅಷ್ಟು ಹಳಬರು ಅವರು.

"ಇವಳೇ" ಎಂದರು ದೊಡ್ಡಪ್ಪ, ಚೊಕ್ಕಟವಾಗಿದ್ದ ಚಾಕುವನ್ನು ಮತ್ತೆ ಒರೆಸುತ್ತ. "ಬೇಡ ಅಂತ ಬಡ್ಕೊಂಡೆ. ಇವಳ ನಾಲಿಗೇನೇ ಸರಿಯಿಲ್ಲಮ್ಮ, ಏನ್ಮಾಡೋದು."

"ಏನೇ, ಹೌದಾ?"

ಒಂದೇ ಒಂದು ಮಾತು ಅವಳ ಗಂಟಲಿನ ತನಕ ಬಂತು. ಅದನ್ನಾಡಿದರೆ ದೊಡ್ಡಪ್ಪನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅದನ್ನು ನುಂಗಿಕೊಂಡಳು.

"ಬಾಯಿ ಬಿಡಲ್ಲ ಅಂದ್ಮೇಲೆ ಹೌದು ಅಂತಲೇ. ನಡಿ, ಪಾತ್ರೆ ಬಿದ್ದಿದೆ."

ಅವಳು ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತಳು. ಕಣ್ಣು ಉರಿಯುತ್ತಿತ್ತು, ನೀರು ಬರಲಿಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಸೂಪಿನ ಸೌಟು ಹಿಡಿದು ಪಕ್ಕಕ್ಕೆ ಬಂದರು.

"ಕೋಪ ಮಾಡ್ಕೋಬೇಡ ಕಂದಾ. ಈ ವಯಸ್ಸಲ್ಲಿ ನಂಗೆ ಇನ್ಯಾರು ಕೆಲಸ ಕೊಡ್ತಾರೆ? ನೀನು ಚಿಕ್ಕವಳು, ನಾಳೆ ನಿಂಗೆ ಬೇಕಾದಷ್ಟು ಸಿಗುತ್ತೆ. ಒಂಚೂರು ರುಚಿ ನೋಡು."

ಅವಳು ಅಂಗೈ ಚಾಚಲಿಲ್ಲ. "ಯಜಮಾನಿ ಅಲ್ಲೇ ಇದಾರೆ, ಅವರನ್ನೇ ಕೇಳಿ."

ಸೂಪು ಎಲ್ಲಿ ಎಂದು ಮೇಲಿನಿಂದ ಕೂಗು ಬಂತು. ದೊಡ್ಡಪ್ಪ ಸೌಟನ್ನು ತಮ್ಮ ಬಾಯಿಗೇ ಇಟ್ಟು, ಗುಟುಕರಿಸಿ, ಅವಳ ಮುಖ ನೋಡುತ್ತ ನಿಂತರು. ಅವಳು ಮುಖ ತಿರುಗಿಸಿ ನಲ್ಲಿಯನ್ನು ಪೂರ್ತಿ ಬಿಟ್ಟಳು.