ಮೇಲಿನ ಮದಕ

ರೋಷನ್ ನಳ್ಳಿ ತಿರುಗಿಸಿದ. ಬುಸ್ಸೆಂದು ಗಾಳಿ ಬಂತು, ನೀರಿಲ್ಲ. ಒಳಗೆ ಚಾಪೆಯ ಮೇಲೆ ಅಪ್ಪ ಬೋಜನ ಹೆಣ ಸ್ನಾನಕ್ಕೆ ಕಾಯುತ್ತಿತ್ತು.

"ಟ್ಯಾಂಕರಿಗೆ ಫೋನ್ ಮಾಡಿದ್ಯಾ?" ತಾಯಿ ದೇಯಿ ಕೇಳಿದಳು.

"ಮಾಡಿದೆ ಅಮ್ಮ. ಸಂಜೆ ಬರ್ತದಂತೆ."

"ಸಂಜೆವರೆಗೆ ಇವರನ್ನು ಹೀಗೇ ಮಲಗಿಸುದಾ?"

ಮೇ ತಿಂಗಳು. ನಂತೂರಿನ ಹಿಂದಿನ ಈ ಗುಡ್ಡೆಯ ನೆತ್ತಿಯಲ್ಲಿ ಬಾವಿ ಶಿವರಾತ್ರಿಗೇ ಬತ್ತುತ್ತದೆ. ತಮಾಷೆಯೆಂದರೆ, ಅಂಗಳದಾಚೆಗೇ ಬೋಜನ ಮದಕ ಉಂಟು, ಮಳೆಗಾಲದಲ್ಲಿ ಗುಡ್ಡೆಯ ನೀರನ್ನೆಲ್ಲ ತಡೆದು ನೆಲಕ್ಕೆ ಇಂಗಿಸುವ ದೊಡ್ಡ ಹೊಂಡ. ಈಗ ಅದೂ ಒಣಗಿ ಬಿರುಕು ಬಿಟ್ಟಿತ್ತು.

*

ಹೋದ ಬೇಸಿಗೆ ಮಸ್ಕತ್ತಿನಿಂದ ರಜೆಗೆ ಬಂದಾಗ ರೋಷನ್ ಹೇಳಿದ್ದ, "ಅಪ್ಪ, ಈ ಹೊಂಡ ಮುಚ್ಚಿಸುವ. ಬಾಡಿಗೆ ಮನೆ ಕಟ್ಟಬಹುದು. ನಮ್ಮ ಬಾವಿಗೆ ಇದರಿಂದ ಒಂದು ಹನಿಯೂ ಇಲ್ಲ."

"ನಮಗಿಲ್ಲ. ಕೆಳಗಿನವರಿಗೆ ಉಂಟಲ್ಲ." ಬೋಜ ಹೂಳು ತೆಗೆಯುತ್ತಲೇ ಇದ್ದ. "ಮುಚ್ಚಿದ್ರೆ ಮಳೆಗಾಲದಲ್ಲಿ ಅವರ ಅಡುಗೆಕೋಣೆಗೆ ನೀರು, ಬೇಸಿಗೆಯಲ್ಲಿ ಬಾವಿಯಲ್ಲಿ ಕೆಸರು."

"ಜಾಗ ನಮ್ಮದು. ಅವರದ್ದು ಅವರು ನೋಡಿಕೊಳ್ಳಲಿ."

"ಜಾಗಕ್ಕೆ ಕಾಂಪೌಂಡ್ ಉಂಟು ಮಾರಾಯ. ನೀರಿಗೆ ಎಲ್ಲುಂಟು?"

ರೋಷನ್‌ಗೆ ಪಿತ್ತ ನೆತ್ತಿಗೇರಿತ್ತು. ಈ ವರ್ಷ ಅಪ್ಪ ಫಳ್ನೀರಿನ ಆಸ್ಪತ್ರೆ ಸೇರಿದಾಗ ಓಡಿ ಬಂದವನು, ಅದೇ ವಾರ ಹೊಂಡ ಮುಚ್ಚಲು ಮಣ್ಣಿನ ಟಿಪ್ಪರ್ ಗೊತ್ತುಮಾಡಿದ. ಅಪ್ಪನಿಗೆ ಹೇಳಲಿಲ್ಲ.

*

"ರೋಷನ್, ದಾರಿ ಬಿಡು ಮಗಾ."

ಕೆಳಗಿನ ಮನೆಯ ಬರ್ನಡೆಟ್. ಸೊಂಟದಲ್ಲಿ ತುಂಬಿದ ಕೊಡಪಾನ, ಏದುಸಿರು. ಅವಳ ಹಿಂದೆ ಕೆಳಗಿನ ಓಣಿಯ ಹೆಂಗಸರು, ಅವರ ಸೊಂಟದಲ್ಲೂ ಕೊಡಪಾನ.

"ಅಯ್ಯೋ ಆಂಟಿ, ನಿಮಗೆ ಬೇಡ್ವಾ?"

"ನಮ್ಮ ಬಾವಿಯಲ್ಲಿ ಉಂಟು. ಬೋಜಣ್ಣನನ್ನು ಟ್ಯಾಂಕರ್ ನೀರಲ್ಲಿ ಮೀಯಿಸುದಾ? ಎಂತ ಮಾತು!" ಎಂದವಳು ಅತ್ತೇಬಿಟ್ಟಳು.

ಮೀಯಿಸಿದ ಮೇಲೆ ದೇಯಿ ಮಗನ ಕೈಗೆ ತುಳಸಿ ಕೊಟ್ಟಳು. ಅದೇ ನೀರಿನಲ್ಲಿ ಅದ್ದಿ ಅಪ್ಪನ ಬಾಯಿಗೆ ಬಿಡಬೇಕು. ರೋಷನ್ ಬಿಟ್ಟ. ನೀರು ಒಳಗೆ ಹೋಗದೆ ಗಲ್ಲದಿಂದ ಇಳಿಯಿತು.

ಆಗಲೇ ಗೇಟಿನಲ್ಲಿ ಹಾರ್ನ್. ಕೆಂಪು ಮಣ್ಣು ತುಂಬಿದ ಟಿಪ್ಪರ್. ಇವತ್ತು ಬರಬೇಡ ಎನ್ನಲು ಗಡಿಬಿಡಿಯಲ್ಲಿ ಮರೆತೇಹೋಗಿತ್ತು. ಡ್ರೈವರ್ ತಮೀಮ್ ಜನರನ್ನು ನೋಡಿ ಕೆಳಗಿಳಿದ.

"ಅಣ್ಣ, ಗೊತ್ತಿರಲಿಲ್ಲ. ಮಣ್ಣು ಹೊಂಡಕ್ಕೆ ಸುರಿದು ಹೋಗ್ಲಾ? ಅಲ್ಲ ನಾಳೆ ಬರ್ಲಾ?"

ಬರ್ನಡೆಟ್ ರೋಷನ್‌ನ ಮುಖ ನೋಡಿದಳು. ದೇಯಿ ನೋಡಲಿಲ್ಲ.

ರೋಷನ್ ಒದ್ದೆ ಕೈ ಒರೆಸಿಕೊಳ್ಳಲಿಲ್ಲ. "ಬೇಡ. ನಾಳೆಯೂ ಬೇಡ."

ಟಿಪ್ಪರ್ ಮಣ್ಣಿನ ಸಮೇತ ರಿವರ್ಸಿನಲ್ಲಿ ಗುಡ್ಡೆ ಇಳಿಯತೊಡಗಿತು. ಎರಡನೇ ಸಲ ನೀರು ಹೊತ್ತು ಬರುತ್ತಿದ್ದ ಹೆಂಗಸರು ಕೊಡಪಾನ ತುಳುಕದಂತೆ ಹಿಡಿದುಕೊಂಡು, ಗೋಡೆಗೆ ಒತ್ತಿ ನಿಂತು ಅದಕ್ಕೆ ದಾರಿ ಬಿಟ್ಟರು.