ತಾನಾಗಿ ಕೂಗುವ ಆ್ಯಪು

ತ್ರಿಶಲಾಳಿಗೆ ತನ್ನ ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮೈದುನ ಧರಣೇಶನನ್ನು ಮದುವೆಯಾಗಿ ಹೋದ ವರ್ಷ ಹಳೇಬೀಡಿನ ಈ ಮನೆಗೆ ಬಂದ ಅಕ್ಷಯಾ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಮೊಬೈಲ್ ಆ್ಯಪ್‌ಗಳನ್ನು ಮಾಡುತ್ತಿದ್ದಳು. ಅವಳ ಸಂಪಾದನೆಯನ್ನು ತ್ರಿಶಲಾ ಸಹಿಸಿಕೊಂಡಿದ್ದಳು. ಅವಳ ಕೈಯ ಒತ್ತುಶಾವಿಗೆಯನ್ನು ಅತ್ತೆ ಹೊಗಳಿದಾಗಲೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಆದರೆ ಈ ಪುಣ್ಯಾತ್ಗಿತ್ತಿ ಈಗ ಕೈ ಹಾಕಲು ಹೊರಟಿದ್ದು ತ್ರಿಶಲಾಳ ಸಂಜೆಯ ಫೋನಿಗೆ.

ಆ ಫೋನು ಅಂದರೆ ಏನೆಂದು ಹೇಳಬೇಕು. ಹೊತ್ತು ಮುಳುಗಿದ ಮೇಲೆ ಜೈನರ ಮನೆಯಲ್ಲಿ ಊಟವಿಲ್ಲ. ಬಿಸಿಲಿದ್ದಾಗ ಸರಿ, ತೆಂಗಿನ ಮರದ ಮೇಲೆ ಸೂರ್ಯ ಎಲ್ಲಿದ್ದಾನೆಂದು ನೋಡಿದರೆ ಆಯಿತು. ಮುಂಗಾರು ಹಿಡಿದರೆ ವಾರಗಟ್ಟಲೆ ಅವನ ಮುಖವೇ ಕಾಣದು. ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಚೀಲದ ನಡುವೆ ಮುಳುಗಿದವರಿಗಂತೂ ಮಳೆಯೋ ಬಿಸಿಲೋ, ಹೊತ್ತಿನ ಪರಿವೆಯೇ ಇರುವುದಿಲ್ಲ. ಮಂಡಿ ನೋಡಿಕೊಳ್ಳುವ ಗಂಡ ಶ್ರೀಪಾಲ ಹಾಗೆ ಹೊತ್ತು ತಪ್ಪಿಸಿಕೊಂಡು ಪದೇ ಪದೇ ಉಪವಾಸ ಮಲಗುವುದನ್ನು ನೋಡಲಾರದೆ ತ್ರಿಶಲಾ ಪಂಚಾಂಗ ನೋಡಿ ಅವನಿಗೆ ಫೋನ್ ಮಾಡತೊಡಗಿದ್ದಳು. ಪಕ್ಕದ ಮಂಡಿಯವರು ನಮಗೂ ಹೇಳಿ ಎಂದರು. ಆಮೇಲೆ ಬೇಲೂರಿನ ಬಟ್ಟೆ ಅಂಗಡಿಯವರು, ಮಾದಿಹಳ್ಳಿಯ ಒಂಟಿ ಮುದುಕಿ ಸುಮಿತ್ರಮ್ಮ, ಹೀಗೆ ಬೆಳೆಯುತ್ತ ಹೋಯಿತು.

"ಹೊತ್ತು ಇಳೀತಾ ಐತೆ, ತಟ್ಟೆ ಹಾಕ್ಕೊಳ್ರಿ." ಅವಳು ಹೇಳುತ್ತಿದ್ದುದು ಇಷ್ಟೇ. ಅತ್ತಲಿಂದ ಬರುತ್ತಿದ್ದುದು ಊರಿನ ಸಮಾಚಾರವೆಲ್ಲ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲವೂ ಮೊದಲು ತ್ರಿಶಲಾಳ ಕಿವಿಗೆ. ಬಸದಿಯಲ್ಲಿ ಹೆಂಗಸರು ಸರಿದು ಅವಳಿಗೆ ಜಾಗ ಬಿಡುತ್ತಿದ್ದುದು ಧರ್ಮಪಾಲರ ಹಿರಿಸೊಸೆ ಎಂದಲ್ಲ, ಆ ಫೋನಿನ ತ್ರಿಶಲಮ್ಮ ಎಂದು.

ಮಾವ ಧರ್ಮಪಾಲರು ಬಸದಿ ಸಮಿತಿಗೆ ಅಧ್ಯಕ್ಷರು. ಸಮಾಜಕ್ಕೊಂದು ಆ್ಯಪ್ ಬೇಕೆಂದು ಸಮಿತಿಯವರಿಗೆ ಹೊಳೆಯಿತು. ಪರ್ವದ ದಿನಗಳು, ಅಭಿಷೇಕದ ಸರದಿ, ಸೂರ್ಯಾಸ್ತದ ವೇಳೆ ಎಲ್ಲ ಅದರಲ್ಲಿ ಬರಬೇಕು. ಮನೆಯಲ್ಲೇ ಮಾಡುವವಳಿರುವಾಗ ಬೇರೆಯವರನ್ನು ಏಕೆ ಹುಡುಕುವುದು? ಭಾನುವಾರ ಎಲ್ಲರೂ ನಡುಮನೆಯಲ್ಲಿ ಸೇರಿದರು. ಕಾಫಿ ಕೊಡುವ ನೆಪದಲ್ಲಿ ತ್ರಿಶಲಾ ಅಲ್ಲೇ ನಿಂತಳು.

ಅಕ್ಷಯಾ ಮೂರು ದಾರಿ ಹೇಳಿದಳು. ಒಂದು, ಬರೀ ವೆಬ್ ಪೇಜು. ಫೋನಿನಲ್ಲಿ ಏನನ್ನೂ ಹಾಕಿಕೊಳ್ಳಬೇಕಿಲ್ಲ, ಬೇಕಾದಾಗ ತೆರೆದು ನೋಡಿದರಾಯಿತು. ಇನ್ನೊಂದು, ಒಂದೇ ಸಲ ಬರೆದು ಆ್ಯಂಡ್ರಾಯ್ಡಿಗೂ ಐಫೋನಿಗೂ ಹೊಂದಿಸುವ ಆ್ಯಪು. ಮತ್ತೊಂದು, ಎರಡು ಬಗೆಯ ಫೋನಿಗೂ ಬೇರೆ ಬೇರೆಯಾಗಿ ಬರೆಯುವುದು. ಅದು ಗಟ್ಟಿ, ಆದರೆ ದುಪ್ಪಟ್ಟು ಕೆಲಸ. ತನ್ನನ್ನು ಕೇಳಿದರೆ ಸದ್ಯಕ್ಕೆ ಪೇಜೇ ಸಾಕು ಎಂದಳು. ಸಮಿತಿಯವರು ತಲೆಯಾಡಿಸಿದರು. ಮಾವ ಕಿರಿಸೊಸೆಯನ್ನು ನೋಡಿದ ನೋಟದಲ್ಲಿದ್ದ ಹೆಮ್ಮೆಗೆ ತ್ರಿಶಲಾಳ ಮೈಯೆಲ್ಲ ಉರಿದುಹೋಯಿತು.

"ತೆಗೀದೆ ಇದ್ರೆ ಆ ಪೇಜು ತಾನಾಗಿ ಕೂಗುತ್ತೇನೇ?" ಎಂದು ಕೇಳಿದಳು.

"ಇಲ್ಲ ಅಕ್ಕ. ಅವರೇ ತೆಗೀಬೇಕು."

"ಸುಮಿತ್ರಮ್ಮನ ಮನೇಲಿ ಫೋನಲ್ಲಿ ಮಾತು ಬರ್ತದೆ, ನೆಟ್ ಬರಲ್ಲ. ಅವರೇನು ಮಾಡ್ಬೇಕು?"

ತ್ರಿಶಲಾ ಅಷ್ಟಕ್ಕೇ ಬಿಡಲಿಲ್ಲ. ಕೂಗಿ ಎಚ್ಚರಿಸದ ಮೇಲೆ ಅದೆಂಥ ಆ್ಯಪು, ಅರ್ಧಂಬರ್ಧ ಕೆಲಸ ಮಾಡಿ ಸಮಾಜದ ಕಣ್ಣೊರೆಸುವುದು ಬೇಡ, ಗಟ್ಟಿಯಾದದ್ದನ್ನೇ ಮಾಡಲಿ ಎಂದಳು. ದುಪ್ಪಟ್ಟು ಕೆಲಸದಲ್ಲಿ ಹುಡುಗಿ ಸುಸ್ತಾಗಿ ಕೈಚೆಲ್ಲಲಿ ಎಂಬ ಆಸೆಯನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡಸೊಸೆ ಹೇಳುವುದೇ ಸರಿ ಎಂದು ಮಾವ ತೀರ್ಮಾನ ಕೊಟ್ಟರು. ಅವತ್ತು ತ್ರಿಶಲಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಡುಗೆಮನೆಯಲ್ಲಿ ಲೋಟ ತೊಳೆಯುವಾಗ ಅಕ್ಷಯಾ ಹತ್ತಿರ ಬಂದು, "ಅಕ್ಕ, ಇನ್ನೊಂದ್ಸಲ ಯೋಚನೆ ಮಾಡಿ. ಪೇಜೇ ಒಳ್ಳೇದಿತ್ತು," ಎಂದಳು. ಮೈಗಳ್ಳಿ, ಕೆಲಸ ತಪ್ಪಿಸಿಕೊಳ್ಳಲು ನೋಡುತ್ತಿದ್ದಾಳೆ ಎಂದುಕೊಂಡ ತ್ರಿಶಲಾ, ಯೋಚನೆ ಮಾಡಿಯೇ ಹೇಳಿದ್ದು ಎಂದು ಮುಖ ತಿರುಗಿಸಿದಳು.

ಹುಡುಗಿ ಕೈಚೆಲ್ಲಲಿಲ್ಲ. ಬೇಸಿಗೆಯೆಲ್ಲ ಕೂತು ಎರಡೂ ಬಗೆಯ ಫೋನಿಗೆ ಬರೆದಳು. ವರ್ಷದ ಸೂರ್ಯಾಸ್ತವೆಲ್ಲ ಆ್ಯಪಿನೊಳಗೇ ಇರುವಂತೆ ಮಾಡಿದಳು, ನೆಟ್ ಬೇಕಾಗಿಲ್ಲ. ಕೊನೆಗೆ, ಕೂಗುವ ದನಿ ನಿಮ್ಮದೇ ಇರಲಿ ಅಕ್ಕ, ಜನಕ್ಕೆ ಗುರುತಿರುವುದು ಅದೇ, ಎಂದು ಕೇಳಿದಳು. ತ್ರಿಶಲಾ ಒಳಗೊಳಗೇ ಹಿಗ್ಗಿದಳು. ಎಷ್ಟು ಮೆರೆದರೂ ಕಡೆಗೆ ನನ್ನ ಹತ್ತಿರವೇ ಬರಬೇಕಾಯಿತಲ್ಲ. ದೇವರ ಕೋಣೆಯ ಬಾಗಿಲು ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡು ಹೇಳಿದಳು: "ಹೊತ್ತು ಇಳೀತಾ ಐತೆ, ತಟ್ಟೆ ಹಾಕ್ಕೊಳ್ರಿ." ಅಕ್ಷಯಾ ಊರೂರಿಗೆ ಹೋಗಿ ಎಲ್ಲರ ಫೋನಿಗೂ ಆ್ಯಪ್ ಹಾಕಿಕೊಟ್ಟು ಬಂದಳು.

ಮುಂಗಾರು ಹಿಡಿಯಿತು. ಒಂದು ಸಂಜೆ ತ್ರಿಶಲಾ ಎಂದಿನಂತೆ ಫೋನ್ ಹಿಡಿದು ಜಗಲಿಯಲ್ಲಿ ಕೂತಳು. ಗಂಡನಿಗೆ ಮಾಡಿದಳು, ಆಗಲೇ ಊಟಕ್ಕೆ ಕೂತಿದ್ದೇನೆ, ನಿನ್ನ ಕೂಗು ಬಂತಲ್ಲ ಎಂದು ಇಟ್ಟುಬಿಟ್ಟ. ಬೇಲೂರಿನವರು ಫೋನ್ ಎತ್ತಲೇ ಇಲ್ಲ. ಗಂಟೆಗಟ್ಟಲೆ ಮಾತಾಡುತ್ತಿದ್ದ ಸುಮಿತ್ರಮ್ಮನಾದರೂ ಎರಡು ಮಾತಾಡಿಯಾರು ಎಂದು ಮಾದಿಹಳ್ಳಿಗೆ ಮಾಡಿದಳು.

"ನಿನ್ ದನಿ ಬಂತು ಕಣವ್ವ, ಉಂಡೂ ಆಯ್ತು. ಸುಮ್ನೆ ಯಾಕೆ ಎರಡೆರಡು ಸಲ ತ್ರಾಸು ತಗೋತೀಯ, ಇಡು."

ಹೀಗೇ ಕೆಲವು ಸಂಜೆ ಕಳೆದವು. ಭಾನುವಾರ ಬಸದಿಯಲ್ಲಿ ಯಾರದೋ ಮಗಳಿಗೆ ನಿಶ್ಚಿತಾರ್ಥವಾದ ಸುದ್ದಿ ತ್ರಿಶಲಾಳಿಗೆ ಎಲ್ಲರಿಗಿಂತ ಕಡೆಗೆ ತಿಳಿಯಿತು. ಅವತ್ತು ಸಂಜೆ ಅವಳು ದಡದಡನೆ ಮಹಡಿ ಹತ್ತಿದಳು.

"ಈ ಕೂಗೋದನ್ನ ನಿಲ್ಸೋಕಾಗಲ್ವೇನೆ?"

ಅಕ್ಷಯಾ ಕುರ್ಚಿಯಿಂದ ಎದ್ದು ನಿಂತಳು. "ಅವರವರ ಫೋನಲ್ಲಿ ಅವರವರೇ ನಿಲ್ಲಿಸ್ಕೋಬೇಕು ಅಕ್ಕ. ಅದಕ್ಕೇ ನಾನು ಪೇಜ್ ಸಾಕು ಅಂದಿದ್ದು. ಪೇಜ್ ಆಗಿದ್ರೆ ತಾನಾಗಿ ಕೂಗ್ತಿರಲಿಲ್ಲ. ಎಲ್ರೂ ನಿಮ್ಮ ಫೋನೇ ಕಾಯ್ತಿದ್ರು."

ತ್ರಿಶಲಾ ಬೈಯಲು ಬಂದಿದ್ದಳು, ಬೈಯಲು ತನ್ನನ್ನು ಬಿಟ್ಟು ಅಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಮಾವನ ಫೋನು ಕೂಗಿತು, ಅದರ ಹಿಂದೆಯೇ ಪಕ್ಕದ ಮನೆಯದು. ಹೊತ್ತು ಇಳೀತಾ ಐತೆ, ತಟ್ಟೆ ಹಾಕ್ಕೊಳ್ರಿ. ದನಿಯಲ್ಲಿ ಎಂಥ ಅಕ್ಕರೆ, ಎಂಥ ಗತ್ತು. ಮನೆಮನೆಯಲ್ಲೂ ಜನ ಅದರ ಮಾತು ಕೇಳಿ ಊಟಕ್ಕೆ ಏಳುತ್ತಿದ್ದರು.

ಇಳಿದು ಬಂದು ತ್ರಿಶಲಾ ತಟ್ಟೆ ಹಾಕಿಕೊಂಡಳು. ಎದುರಿಗೆ ಕೂತ ಅಕ್ಷಯಾಳ ಮೇಲೆ ಹುಡುಕಿದರೂ ಹೊಟ್ಟೆಕಿಚ್ಚು ಸಿಗಲಿಲ್ಲ. ಅದೆಲ್ಲ ಈಗ ಆ ದನಿಯ ಮೇಲೆ ಹೋಗಿ ಕೂತಿತ್ತು.