ಮೊದಲನೇ ಡಬ್ಬಿ

ಅಮೃತ ಬ್ಲೇಡಿನಿಂದ ನೊಣದ ಹೊಟ್ಟೆ ಸೀಳಿದಳು. ಸುತ್ತಿದ್ದ ಹಳದಿ ರೇಷ್ಮೆ ಎರಡೂ ಕಡೆಗೆ ಬಿಚ್ಚಿಕೊಂಡಿತು. ಒಳಗಿದ್ದ ಗಾಳದ ಕಡ್ಡಿ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಉಜ್ಜಿ ಬೆರಳು ನೋಡಿಕೊಂಡಳು, ತುಕ್ಕು ಹತ್ತಿತ್ತು. ಇನ್ನೊಂದು ಸೀಳಿದಳು, ಅದರಲ್ಲೂ ತುಕ್ಕು. ಮೇಜಿನ ಸುತ್ತ ಒಂಬತ್ತು ಹೆಂಗಸರು ನಿಂತಿದ್ದರು. ಅವರ ನಡುವೆ ನಿಂತಿದ್ದ ಜಾಹಿದಾಳಿಗೆ ಮಾತ್ರ ಆ ನೊಣಗಳು ಯಾರ ಕೈಯವು, ತುಕ್ಕು ಎಲ್ಲಿಂದ ಬಂತು, ಎರಡೂ ಗೊತ್ತಿತ್ತು.

"ಮೂರು ಡಬ್ಬಿ ಕಳಿಸಿದ್ವಿ," ಅಂದ ಮಾಲೀಕ ಮುರಳಿಮೋಹನ್. "ಎರಡು ಚೆನ್ನಾಗಿವೆಯಂತೆ. ಮೊದಲನೇ ಡಬ್ಬಿ ಹಿಂಗಾಗಿ ವಾಪಸ್ ಬಂದಿದೆ. ಯಾಕೆ ಅಂತ ಮಾಲು ತಗೊಂಡ ಸ್ಕಾಟ್ಲೆಂಡಿನವ್ರಿಗೆ ಇವತ್ತೇ ಉತ್ತರ ಬರೀಬೇಕು."

"ಒಳಗೆ ತೇವ ಸೇರಿದೆ ಸರ್," ಅಂದಳು ಅಮೃತ.

ನೊಣ ಅಂದರೆ ನಿಜವಾದ ನೊಣವಲ್ಲ. ಜೋಳದ ಕಾಳಿಗಿಂತ ಚಿಕ್ಕ ಗಾಳಕ್ಕೆ ರೇಷ್ಮೆ ಸುತ್ತಿ, ಹುಂಜದ ಕತ್ತಿನ ಗರಿ ಕಟ್ಟಿ ಮಾಡಿದ ಹುಸಿ ನೊಣ. ತಣ್ಣನೆಯ ದೇಶಗಳ ಹೊಳೆಗಳಲ್ಲಿ ಟ್ರೌಟ್ ಅನ್ನುವ ಮೀನು ಇದನ್ನು ನಂಬಿ ಬಾಯಿ ಹಾಕುತ್ತದಂತೆ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರಸ್ತೆಯ ಪಕ್ಕ ಒಂದು ಶೆಡ್ಡಿನಲ್ಲಿ ಮುರಳಿಮೋಹನ್ ಈ ಕೆಲಸ ಶುರುಮಾಡಿ ಐದು ತಿಂಗಳಾಗಿತ್ತು. ಇಲ್ಲಿನ ಹೆಂಗಸರಿಗೆ ಹುಟ್ಟಿನಿಂದಲೇ ಎಳೆಯ ಲೆಕ್ಕ ಗೊತ್ತು ಅನ್ನುವುದು ಅವನ ಲೆಕ್ಕಾಚಾರ. ಊಟಿಯಲ್ಲಿ ಎಂಟು ತಿಂಗಳಿದ್ದು ಕಟ್ಟುವುದು ಕಲಿತು ಬಂದಿದ್ದ ಮುದ್ದೇನಹಳ್ಳಿಯ ಅಮೃತಳನ್ನು ಕಲಿಸುವುದಕ್ಕೆ ಇಟ್ಟುಕೊಂಡಿದ್ದ. ಇಪ್ಪತ್ತಾರರ ಹುಡುಗಿ. ಅವಳು ನೋಡಿ ಸಹಿ ಹಾಕದೆ ಒಂದು ಡಬ್ಬಿಯೂ ಹೊರಗೆ ಹೋಗುತ್ತಿರಲಿಲ್ಲ.

ಜಾಹಿದಾ ಇಲ್ಲಿಗೆ ಬಂದದ್ದು ಆಸೆಯಿಂದಲ್ಲ, ಉಸಿರಿಗಾಗಿ. ಇಪ್ಪತ್ತೆರಡು ವರ್ಷ ಅವಳು ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಬೇಸಿನ್ ಮುಂದೆ ಕೂತವಳು. ಕುದಿಯುವ ನೀರಿನಲ್ಲಿ ಗೂಡು, ಗೂಡಿನೊಳಗೆ ಬೆಂದ ಹುಳ, ದಿನವಿಡೀ ಅದರ ಹಬೆ. ನಲವತ್ತು ದಾಟುವ ಹೊತ್ತಿಗೆ ಎದೆ ಸೀಟಿ ಹೊಡೆಯತೊಡಗಿತು. ಹೋದ ಚಳಿಗಾಲದಲ್ಲಿ ಎರಡು ಸಲ ಆಕ್ಸಿಜನ್ ಹಾಕಿಸಿಕೊಂಡು ಬಂದಳು. "ಬೇಸಿನ್ ಬಿಡಮ್ಮ," ಅಂದಿದ್ದರು ಚಿಕ್ಕಬಳ್ಳಾಪುರದ ಡಾಕ್ಟರು. "ಇನ್ನೊಂದು ವರ್ಷ ಅಲ್ಲಿ ಕೂತ್ರೆ ಆಮೇಲೆ ನನ್ನ ಹತ್ರ ಬರೋ ಕಷ್ಟ ನಿಂಗಿರಲ್ಲ." ಡಾಕ್ಟರು ನಗುತ್ತಲೇ ಹೇಳಿದ್ದರು. ಜೊತೆಗಿದ್ದ ಗಂಡ ಷರೀಫ್ ನಗಲಿಲ್ಲ. ಬೇಸಿನ್ ಬಿಟ್ಟರೆ ಅವಳಿಗೆ ಬೇರೆ ಕಸುಬು ಬರುತ್ತಿರಲಿಲ್ಲ, ಅವನೊಬ್ಬನ ದುಡಿಮೆಯಲ್ಲಿ ಮನೆ ನಡೆಯುತ್ತಿರಲಿಲ್ಲ. ಈ ಶೆಡ್ಡಿನ ವಿಷಯ ಎಲ್ಲೋ ಕೇಳಿಕೊಂಡು ಬಂದವನೂ ಅವನೇ.

ಕಲಿಯುವುದೇನೂ ಸುಲಭವಿರಲಿಲ್ಲ. ಮೇಜಿಗೆ ಕಚ್ಚಿಸಿದ ವೈಸ್ ಅನ್ನುವ ಪುಟ್ಟ ಇಕ್ಕಳದ ಬಾಯಲ್ಲಿ ಗಾಳ ಸಿಕ್ಕಿಸಬೇಕು, ದಾರ ಎಳೆದು ಸುತ್ತಬೇಕು. ಗರಿಯನ್ನು ನಿಲ್ಲಿಸಿ ಸುತ್ತಿದರೆ ಅದು ಛತ್ರಿಯ ಕಡ್ಡಿಗಳ ಹಾಗೆ ಬಿಚ್ಚಿಕೊಳ್ಳಬೇಕು, ಕೊನೆಯ ಗಂಟು ಕಣ್ಣಿಗೇ ಕಾಣಬಾರದು. ಮೂರನೇ ವಾರಕ್ಕೆಲ್ಲ ಜಾಹಿದಾ ಎಲ್ಲರನ್ನೂ ಹಿಂದೆ ಹಾಕಿದಳು. ಒಂದು ತೊಂದರೆ ಮಾತ್ರ ಉಳಿಯಿತು. ಬಿಸಿನೀರಿನಲ್ಲಿ ನೆಂದು ನೆಂದು ಅವಳ ಬೆರಳ ತುದಿಗಳು ಬಿರಿದು ಗರಗಸವಾಗಿದ್ದವು. ಒಣಗಿದ ಬೆರಳಿಗೆ ರೇಷ್ಮೆ ಸಿಕ್ಕಿಕೊಂಡು ಕಿತ್ತು ಬರುತ್ತಿತ್ತು. ಒದ್ದೆ ಬೆರಳಿನಲ್ಲಿ ಹಿಡಿದರೆ ಅದೇ ಎಳೆ ಹೇಳಿದ ಮಾತು ಕೇಳುತ್ತಿತ್ತು. ಅವಳಿಗೂ ಇಪ್ಪತ್ತೆರಡು ವರ್ಷದಿಂದ ಒಣ ಎಳೆ ಮುಟ್ಟಿಯೇ ಗೊತ್ತಿರಲಿಲ್ಲ. ಅವಳು ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುವುದನ್ನು ಅಮೃತ ಮೊದಲ ವಾರವೇ ನೋಡಿದ್ದಳು.

"ಅಕ್ಕ, ಅದೊಂದು ಮಾಡ್ಬೇಡಿ. ಒಳಗೆ ನೀರು ಉಳಿದ್ರೆ ಗಾಳ ತುಕ್ಕು ಹಿಡಿಯುತ್ತೆ."

"ಬಿಟ್ಬಿಡ್ತೀನಮ್ಮ," ಅಂದಿದ್ದಳು ಜಾಹಿದಾ.

ನಾಲಿಗೆಗೆ ಮುಟ್ಟಿಸುವುದನ್ನು ಬಿಟ್ಟಳು ಕೂಡ. ಬದಲಿಗೆ ಒಂದು ಚಿಂದಿ ಬಟ್ಟೆ ನೆನೆಸಿ ಹಿಂಡಿ, ದುಪಟ್ಟದ ಮರೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳತೊಡಗಿದಳು. ಒಂದು ಸುತ್ತಿಗೆ ಒಂದು ಸಲ ಬೆರಳು ಅಲ್ಲಿಗೆ ಹೋಗಿ ಬರುತ್ತಿತ್ತು. ರೇಷ್ಮೆ ಒದ್ದೆಯಲ್ಲೇ ಹುಟ್ಟಿದ್ದು, ಒಣಗಿದ ಮೇಲೆ ಅದಕ್ಕೇನಾಗುತ್ತದೆ ಅಂತ ಅವಳ ಧೈರ್ಯ. ರೇಷ್ಮೆಗೆ ಏನೂ ಆಗುವುದಿಲ್ಲ ನಿಜ. ಗಾಳದ ಬಗ್ಗೆ ಅಮೃತ ಹೇಳಿದ್ದನ್ನು ಅವಳು ಮನಸ್ಸಿಗೆ ಹಾಕಿಕೊಂಡಿರಲಿಲ್ಲ.

ಒಂದು ದಿನ ಮುರಳಿಮೋಹನ್ ಎಲ್ಲರನ್ನೂ ವ್ಯಾನಿನಲ್ಲಿ ನಂದಿ ಹತ್ತಿರದ ಒಂದು ದ್ರಾಕ್ಷಿ ತೋಟಕ್ಕೆ ಕರೆದೊಯ್ದಿದ್ದ. ಕಟ್ಟುವವರಿಗೆ ಎಸೆಯುವುದೂ ಗೊತ್ತಿರಬೇಕು ಅನ್ನುವುದು ಅವನ ವಾದ. ಕೃಷಿ ಹೊಂಡದ ಏರಿಯ ಮೇಲೆ ಉದ್ದನೆಯ ಬಳುಕುವ ಕೋಲು ಹಿಡಿದು ನಿಂತು ತೋರಿಸಿದ. "ಗಡಿಯಾರ ನೆನಪಿಟ್ಕೊಳ್ಳಿ. ಮುಂದೆ ಹತ್ತು ಗಂಟೆ, ಹಿಂದೆ ಒಂದು ಗಂಟೆ. ಕೋಲು ಅಷ್ಟರಲ್ಲೇ ಆಡ್ಬೇಕು. ಹಿಂದಕ್ಕೆ ಬೀಸಿದ ಮೇಲೆ ಒಂದು ಗಳಿಗೆ ನಿಲ್ಲಿಸಿ, ದಾರ ಪೂರ್ತಿ ಬಿಚ್ಚಿಕೊಳ್ಳಲಿ, ಆಮೇಲೆ ಮುಂದಕ್ಕೆ. ತೂಕ ಇರೋದು ದಾರಕ್ಕೆ, ನೊಣಕ್ಕಲ್ಲ."

ಚಿಂತಾಮಣಿ ಕಡೆಯ ಕೊಂಡಮ್ಮ ಮೊದಲು ಎಸೆಯಲು ಹೋಗಿ ತನ್ನ ಸೆರಗನ್ನೇ ಹಿಡಿದಳು. "ದೊಡ್ಡ ಮೀನೇ ಬಿತ್ತಮ್ಮಾ," ಅಂತ ಎಲ್ಲರೂ ರೇಗಿಸಿದರು. ಜಾಹಿದಾ ಎಸೆದಾಗ ದಾರ ತಲೆಯ ಮೇಲೆ ನೀಟಾಗಿ ಬಿಚ್ಚಿಕೊಂಡು ಹೋಯಿತು, ನೊಣ ನೀರಿನ ಮೇಲೆ ಸದ್ದಿಲ್ಲದೆ ಇಳಿದು ಗರಿಗಳ ಮೇಲೆ ನಿಂತು ತೇಲಿತು. ಅವಳು ಏರಿಯ ಮೇಲೆ ನಿಂತು ನೋಡಿದಳು. ಏರಿ ಹತ್ತಿ ಬಂದರೂ ಏದುಸಿರು ಬಂದಿಲ್ಲ ಅನ್ನುವುದು ಆಗ ಹೊಳೆಯಿತು. ಈ ಕೆಲಸ ಕೈಬಿಟ್ಟು ಹೋಗಬಾರದು, ಏನಾದರೂ ಸರಿ ಹೋಗಬಾರದು ಅಂತ ಅವತ್ತು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಳು.

ಮೊದಲ ಆರ್ಡರ್ ಹೊರಟಾಗ ಅಮೃತ ಜಾಹಿದಾಳ ನೊಣಗಳನ್ನೆಲ್ಲ ಆರಿಸಿ ಒಂದೇ ಡಬ್ಬಿಗೆ ತುಂಬಿದ್ದಳು. ಮೊದಲು ತೆರೆಯುವ ಡಬ್ಬಿಯಲ್ಲಿ ಮೊದಲ ದರ್ಜೆಯದೇ ಇರಲಿ ಅಂತ.

ಈಗ ಆ ಡಬ್ಬಿ ಮೇಜಿನ ಮೇಲೆ ಬಾಯಿ ತೆರೆದುಕೊಂಡಿತ್ತು.

"ಜಾಹಿದಕ್ಕ," ಅಮೃತ ತಲೆಯೆತ್ತಿದಳು. "ದಾರ ಒದ್ದೆ ಮಾಡೋದು ನೀವು ಆವಾಗ್ಲೇ ಬಿಟ್ರಿ ಅಲ್ವಾ?"

ಆ ಮಾತಿನಲ್ಲಿ ಅನುಮಾನವಿರಲಿಲ್ಲ. ಒಂದೊಂದೇ ಕಾರಣ ತಳ್ಳಿಹಾಕುತ್ತಾ ಬರುವವರು ಕೇಳುವ ಹಾಗೆ ಕೇಳಿದ್ದಳು ಅಷ್ಟೆ. ಒದ್ದೆ ಬಟ್ಟೆ ಆಗಲೂ ಜಾಹಿದಾಳ ಸೊಂಟಕ್ಕೆ ತಣ್ಣಗೆ ತಾಕುತ್ತಿತ್ತು. ನಿಜ ಹೇಳಿದರೆ ನಾಳೆ ಬೆಳಗ್ಗೆ ಬೇಸಿನ್, ಹಬೆ, ಬೆಂದ ಹುಳದ ವಾಸನೆ. ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

"ಬಿಟ್ಟೆ ಕಣಮ್ಮ. ನೀನು ಹೇಳಿದ ದಿನಾನೇ ಬಿಟ್ಟೆ."

ಅಮೃತ ತಲೆಯಾಡಿಸಿ ಬ್ಲೇಡನ್ನು ಕೆಳಗಿಟ್ಟಳು. "ಹಂಗಾದ್ರೆ ತಪ್ಪು ನಂದೇ ಸರ್. ಆ ವಾರ ಮಳೆ ಹಿಡ್ಕೊಂಡಿತ್ತು. ಗಂಟಿಗೆ ವಾರ್ನಿಷ್ ಹಚ್ಚಿದ ಮೇಲೆ ಎರಡು ದಿನ ಗಾಳಿಗೆ ಬಿಡ್ಬೇಕು. ನೀವು ಕೊರಿಯರ್ ಅಂತ ಅವಸರ ಮಾಡಿದ್ರಿ, ನಾನು ಮೊದಲನೇ ಡಬ್ಬೀನ ಒಂದೇ ದಿನಕ್ಕೆ ಮುಚ್ಚಿಬಿಟ್ಟೆ."

"ನಾನು ಅವಸರ ಮಾಡಿದಾಗ ಆಗಲ್ಲ ಅನ್ನಲಿ ಅಂತಾನೇ ನಿನ್ನ ಇಟ್ಕೊಂಡಿದ್ದು," ಅಂದ ಮುರಳಿಮೋಹನ್. ದನಿ ಏರಿಸಲಿಲ್ಲ. "ಡಬ್ಬಿ ಮೇಲೆ ನಿನ್ನ ಸಹಿ ಇದೆ. ಆ ಸಹಿ ಇರೋ ಮಾಲು ಇನ್ನು ಬೇಡ ಅಂತ ಬರ್ದಿದ್ದಾರೆ. ನಾಳೆಯಿಂದ ಬರ್ಬೇಡಮ್ಮ."

"ಅಯ್ಯೋ ದೇವುಡಾ," ಅಂದಳು ಕೊಂಡಮ್ಮ. "ಒಂದ್ ಸಲ ಬಿಟ್ಟಾಕ್ರಿ ಸಾರ್, ಮಗಳಂಥ ಹುಡುಗಿ."

ಅವನು ಜಾಹಿದಾಳ ಕಡೆ ತಿರುಗಿದ. "ಜಾಹಿದಮ್ಮ, ನಿಮ್ಮಷ್ಟು ಕೈ ಯಾರಿಗೂ ಇಲ್ಲ ಅಂತ ಇವಳೇ ಹೇಳ್ತಿದ್ದಳು. ಇನ್ನು ಮಾಲು ನೋಡೋದು, ಹೊಸಬರಿಗೆ ಕಲಿಸೋದು ನೀವೇ ಮಾಡಿ. ಆಗುತ್ತೆ ತಾನೆ?"

ಈಗಲಾದರೂ ಹೇಳಬಹುದಿತ್ತು. ಅವಳು ದುಪಟ್ಟವನ್ನು ಸೊಂಟದ ಮೇಲೆ ಇನ್ನಷ್ಟು ಎಳೆದುಕೊಂಡಳು.

"ಆಗ್ಲಿ ಸರ್," ಅಂದಳು.

ಅಮೃತಳಿಗೆ ಕಟ್ಟಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಊಟದ ಡಬ್ಬಿ, ನೀರಿನ ಬಾಟಲಿ, ಊಟಿಯಿಂದ ತಂದಿದ್ದ ಸ್ವಂತ ಕತ್ತರಿ. ಎಲ್ಲವನ್ನೂ ಬ್ಯಾಗಿಗೆ ಹಾಕಿಕೊಂಡು ಜಾಹಿದಾ ಕೂತಲ್ಲಿಗೆ ಬಂದಳು. ಕಣ್ಣು ಕೆಂಪಾಗಿದ್ದರೂ ಅತ್ತಿರಲಿಲ್ಲ.

"ಅಕ್ಕ, ಎಷ್ಟು ಚೆನ್ನಾಗಿ ಕಟ್ಟಿದ್ರಿ ನೀವು. ಅಷ್ಟೂ ನೊಣ ನನ್ನಿಂದ ಹಾಳಾಗೋಯ್ತು. ಬೇಜಾರು ಮಾಡ್ಕೋಬೇಡಿ."

"ನಂಗ್ಯಾಕಮ್ಮ ಬೇಜಾರು," ಅಂದಳು ಜಾಹಿದಾ. "ಈಗ ಏನ್ ಮಾಡ್ತೀಯ?"

"ಗೊತ್ತಿಲ್ಲ ಅಕ್ಕ. ಸಹಿ ನಂಬೋದಿಲ್ಲ ಅಂದ ಮೇಲೆ ಈ ಕೆಲಸದಲ್ಲಿ ಇನ್ನೆಲ್ಲೂ ತಗೊಳ್ಳಲ್ಲ. ಇರೋದೇ ನಾಲ್ಕೈದು ಕಡೆ, ಎಲ್ಲರಿಗೂ ಎಲ್ಲರೂ ಗೊತ್ತು." ಹೋಗಲು ತಿರುಗಿದವಳು ಮತ್ತೆ ನಿಂತಳು. "ಹೊಸಬರಿಗೆ ಕೊನೆ ಗಂಟು ನಿಧಾನಕ್ಕೆ ಹೇಳ್ಕೊಡಿ. ಮೊದಲನೇ ದಿನಾನೇ ಹೇಳ್ಕೊಟ್ರೆ ಹೆದರ್ಕೋತಾರೆ."

ಅವಳು ಹೊರಗೆ ಹೋದಳು. ಜಾಹಿದಾ ಎರಡು ನಿಮಿಷ ವೈಸಿನ ಮುಂದೆ ಕೂತೇ ಇದ್ದಳು. ಆಮೇಲೆ ಯಾರೋ ಎಬ್ಬಿಸಿದವರ ಹಾಗೆ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಗೇಟಿನವರೆಗೆ ಬಂದಳು.

ರಸ್ತೆಯಾಚೆ ಚಿಕ್ಕಬಳ್ಳಾಪುರದ ಬಸ್ಸು ಬಂದು ನಿಂತಿತ್ತು. ಯಾರೋ ಒಬ್ಬ ಮುದುಕ ಹೂಕೋಸಿನ ಮೂಟೆಗಳನ್ನು ಹಿಂಬಾಗಿಲಿನಿಂದ ಹತ್ತಿಸುತ್ತಿದ್ದ. ಕಂಡಕ್ಟರ್ ಬೈಯುತ್ತಲೇ ಕೈಕೊಡುತ್ತಿದ್ದ. ಮುಂದಿನ ಕಿಟಕಿಯಲ್ಲಿ ಅಮೃತ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನೇರ ಎದುರಿಗೆ ನೋಡುತ್ತಾ ಕೂತಿದ್ದಳು. ಗೇಟಿನಿಂದ ಬಸ್ಸಿಗೆ ಐವತ್ತು ಹೆಜ್ಜೆ. ಹೋದ ಚಳಿಗಾಲದಲ್ಲಾಗಿದ್ದರೆ ಅಷ್ಟು ದೂರಕ್ಕೆ ಜಾಹಿದಾ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಗಿತ್ತು.

ಇನ್ನೂ ನಾಲ್ಕು ಮೂಟೆ ಕೆಳಗಿದ್ದವು. ಆಮೇಲೆ ಮೂರು. ಅವಳು ಗೇಟಿನ ಸರಳು ಹಿಡಿದು ನಿಂತೇ ಇದ್ದಳು. ಎದೆಯಲ್ಲಿ ಸೀಟಿಯಿಲ್ಲ, ಬಿಗಿತವಿಲ್ಲ. ಉಸಿರು ಸರಾಗವಾಗಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಕಂಡಕ್ಟರ್ ಕೊನೆಯ ಮೂಟೆಯನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ.